ಹ್ಯಾನಾಳ ಗೆರೆ

ಏಪ್ರಿಲ್ 12, 2005. ಬೆಳಿಗ್ಗೆ 6.40

ಓಟ್ಸ್ ಗಂಜಿ ಇವತ್ತೂ ತಳ ಹಿಡಿಯಿತು. ಪಾತ್ರೆ ನೆನೆಹಾಕಿದ್ದೇನೆ. ನಿನ್ನೆಯದೂ ಪಕ್ಕದಲ್ಲೇ ನೆನೆಯುತ್ತಿದೆ. ಆರ್ಡಿಸ್ ಇದ್ದಿದ್ದರೆ... ಬೇಡ. ಹಾಗೆ ಶುರು ಮಾಡಿದರೆ ಪುಟ ಮುಗಿದುಹೋಗುತ್ತದೆ.

ಹಿಮ ಕೊಟ್ಟಿಗೆಯ ಉತ್ತರದ ಗೋಡೆ ಬುಡದಲ್ಲಿ ಮಾತ್ರ ಉಳಿದಿದೆ.

ಇಷ್ಟು ಹೊತ್ತಿಗೇ ವರ್ನಾಳ ಫೋನು. ನಾದಿನಿಗೆ ಆರೂವರೆ ಅಂದರೆ ನಡುಮಧ್ಯಾಹ್ನ.

"ವೆಂಡೆಲ್, ಚಾರ್ಟು ಮುಗೀತಾ?"

"ಇನ್ನೂ ಸುರುಳೀನೇ ಬಿಚ್ಚಿಲ್ಲ."

"ಐದು ತಿಂಗಳಾಯ್ತು ಕಣೋ. ಸತ್ತಿದ್ದು ಅಕ್ಕ, ನೀನಲ್ಲ."

ಸರಿಯಾದ ಮಾತೇ. 

ಜುಲೈ ಹತ್ತು, ಭಾನುವಾರ, ಹೆಂಡತಿಯ ತವರಾದ ಆಲ್ಡರ್ಸನ್ ಕುಟುಂಬದ ಕೂಟ. ಪ್ರತಿ ವರ್ಷದಂತೆ ಪಾರ್ಕಿನ ಮಾಡಿನ ಕೆಳಗೆ ವಂಶವೃಕ್ಷ ತೂಗುಹಾಕಬೇಕು. ಈ ವರ್ಷ ಅಲ್ಲಿಂದ ನೇರ ಕೌಂಟಿ ಮ್ಯೂಸಿಯಂಗೆ ಹೋಗುತ್ತದಂತೆ. ಗಾಜಿನ ಹಿಂದೆ. ಆಮೇಲೆ ಯಾರೂ ತಿದ್ದುವ ಹಾಗಿಲ್ಲ.

ಏಪ್ರಿಲ್ 13

ಬಿಚ್ಚಿದೆ. ಊಟದ ಮೇಜು ಸಾಲದು, ಇಸ್ತ್ರಿ ಹಲಗೆಯನ್ನೂ ಜೋಡಿಸಿದೆ. ಮಾಂಸದ ಅಂಗಡಿಯ ಬಿಳಿ ಕಾಗದ, ಹದಿನಾಲ್ಕು ಅಡಿ. ಆರ್ಡಿಸ್‌ಳ ಇಪ್ಪತ್ತೆರಡು ವರ್ಷದ ಕೆಲಸ. ಎಲ್ಲ ಕಪ್ಪು ಇಂಡಿಯನ್ ಇಂಕಿನಲ್ಲಿ. ಆ ಇಂಕು ಅಳಿಸುವುದಿಲ್ಲ. ಬ್ಲೇಡಿನಲ್ಲಿ ಕೆರೆಯಬೇಕು ಅಷ್ಟೆ. ಪ್ರತಿ ಗೆರೆಯ ಪಕ್ಕ ಇರುವೆಯಷ್ಟು ಸಣ್ಣ ಅಂಕಿ. ಆ ಅಂಕಿ ಹಿಡಿದು ಹೋದರೆ ಅವಳ ನೋಟ್‌ಬುಕ್ಕಿನಲ್ಲಿ ಆಧಾರ ಸಿಗುತ್ತದೆ. ಇಂಥ ಚರ್ಚು, ಇಂಥ ಪುಟ. ಆಧಾರ ಇಲ್ಲದ ಗೆರೆ ಹಾಕಿದವಳಲ್ಲ. ಆಸ್ಪತ್ರೆಯಲ್ಲೂ ಅದೇ ಮಾತು: "ಪ್ರೂಫ್ ಇಲ್ದೆ ಒಂದು ಗೆರೇನೂ ಎಳೀಬೇಡ, ವೆಂಡೆಲ್." ಬೇರೆಯವರ ಹೆಂಡತಿಯರು ಕೊನೆಯಲ್ಲಿ ಏನು ಹೇಳುತ್ತಾರೋ.

ರಕ್ತದ ಮಕ್ಕಳಿಗೆ ಇಡೀ ಗೆರೆ. ಸಾಕಿಕೊಂಡವರಿಗೆ ನಡುನಡುವೆ ಸಂದು ಬಿಟ್ಟ ತುಂಡು ಗೆರೆ. ಈ ಕೆಲಸ ಮಾಡುವವರೆಲ್ಲ ಪಾಲಿಸುವ ಪದ್ಧತಿ ಅದು, ಆರ್ಡಿಸ್ ಕಂಡುಹಿಡಿದದ್ದಲ್ಲ. ಹದಿನಾಲ್ಕು ಅಡಿಯಲ್ಲಿ ತುಂಡು ಗೆರೆ ಒಂದೇ ಒಂದು. ಬಲತುದಿಯಲ್ಲಿ, ನಮ್ಮಿಬ್ಬರ ಹೆಸರಿನಿಂದ ಲಿನೆಟ್ ಕಡೆಗೆ.

1991ರ ಕೂಟ. ಲಿನೆಟ್‌ಳ ಮಗಳು ಮೇಗನ್‌ಗೆ ಆಗ ಐದು. ಎಲ್ಲರೆದುರು ಬೆರಳಿಟ್ಟು ಕೇಳಿತು, "ಅಮ್ಮಾ, ನಿನ್ನ ಗೆರೆ ಮಾತ್ರ ಯಾಕೆ ಮುರಿದುಹೋಗಿದೆ?" ಯಾರೋ ನಕ್ಕರು. ಲಿನೆಟ್ ತಾನು ತಂದಿದ್ದ ಆಲೂಗಡ್ಡೆ ಸಲಾಡಿನ ಬಟ್ಟಲು ಎತ್ತಿಕೊಂಡು ಕಾರು ಹತ್ತಿದಳು. ಆಮೇಲೆ ಕ್ರಿಸ್ಮಸ್‌ಗೆ ಬಂದಳು, ನನ್ನ ಆಪರೇಷನ್‌ಗೆ ಬಂದಳು. ಕೂಟಕ್ಕೆ ಬರಲಿಲ್ಲ. ಹದಿನಾಲ್ಕು ವರ್ಷ.

ಅವಳನ್ನು ಮನೆಗೆ ತಂದಾಗ ಮೂರು ತಿಂಗಳ ಕೂಸು. ಹಳದಿ ಟೋಪಿ.

ಏಪ್ರಿಲ್ 29

ಮಳೆ. ಮೊಣಕಾಲು. ಚಾರ್ಟಿನ ಮೇಲ್ತುದಿ ನೋಡುತ್ತಿದ್ದೇನೆ, ಅದೊಂದೇ ಸುಲಭ. ಥಾಮಸ್ ಮತ್ತು ಮಾರ್ಗರೆಟ್ ಆಲ್ಡರ್ಸನ್. ಯಾರ್ಕ್‌ಷೈರಿನ ಸೀಸದ ಗಣಿಯವರು. 1847ರಲ್ಲಿ ಇಲ್ಲಿಗೆ, ವಿಸ್ಕಾನ್ಸಿನ್ನಿನ ಸೀಸದ ಗಣಿಗೆ. ಮಗು ಒಂದೇ, ಹ್ಯಾನಾ. ಅವಳ ಗಂಡ ಮನೆಅಳಿಯನಾಗಿ ಬಂದು ಆ ಹೊಲದಲ್ಲೇ ಉಳಿದ. ಅವಳೇ ಆರ್ಡಿಸ್‌ಗೆ ಮುತ್ತಜ್ಜಿ. ಅಂದರೆ ಇಷ್ಟು ಜನಕ್ಕೂ ಮೇಲಿಂದ ಇಳಿಯುವ ಏಣಿ ಒಂದೇ.

1850ರ ಜನಗಣತಿಯ ನಕಲು ತೆಗೆದೆ. ಹಾಳೆಯಲ್ಲಿ ಹೆಸರು, ವಯಸ್ಸು, ಹುಟ್ಟಿದ ಜಾಗ ಇದೆ. ಯಾರು ಯಾರಿಗೆ ಏನಾಗಬೇಕು ಎಂಬ ಕಾಲಂ ಆ ಕಾಲಕ್ಕೆ ಇರಲೇ ಇಲ್ಲ. ಒಂದೇ ಸೂರಿನಡಿ ಇದ್ದ ಮಗು ಆ ಮನೆಯದೇ ಎಂದು ನಾವು ಓದಿಕೊಳ್ಳುತ್ತೇವೆ.

ಥಾಮಸ್, 34, ಇಂಗ್ಲೆಂಡ್. ಮಾರ್ಗರೆಟ್, 31, ಇಂಗ್ಲೆಂಡ್. ಹ್ಯಾನಾ, 4, ಮಿಸ್ಸೂರಿ.

ಮಿಸ್ಸೂರಿ. ಇಂಗ್ಲೆಂಡ್ ಅಲ್ಲ, ಇಲ್ಲಿನದೇ ರಾಜ್ಯ. ಪಕ್ಕದಲ್ಲಿ ಆರ್ಡಿಸ್‌ಳ ಪೆನ್ಸಿಲ್: "ಗಣತಿಯವನ ತಪ್ಪು." ಹ್ಯಾನಾಳಿಗೆ ದೀಕ್ಷಾಸ್ನಾನ ಆದದ್ದು ಯಾರ್ಕ್‌ಷೈರಿನಲ್ಲಿ, 1844. ಆ ಲೆಕ್ಕಕ್ಕೆ ಆರು ಆಗಬೇಕು. ವಯಸ್ಸೂ ತಪ್ಪು, ಊರೂ ತಪ್ಪು. ಎರಡೂ ಗಣತಿಯವನ ತಲೆಗೆ ಕಟ್ಟಿದ್ದಾಳೆ. ಬೇರೆ ಕಡೆ ಒಂದು ಅಲ್ಪವಿರಾಮ ತಪ್ಪಿದರೂ ಬಿಟ್ಟವಳಲ್ಲ.

ಮೇ 17. ಮಧ್ಯಾಹ್ನ

ಚರ್ಚಿಗೆ ಹೋಗಿದ್ದೆ. ಹಳೆಯ ಬಾಯ್ಲರ್ ಕಿತ್ತಾಗ ಅದರ ಹಿಂದೆ ತಗಡಿನ ಪೆಟ್ಟಿಗೆ ಸಿಕ್ಕಿತೆಂದು ಓರಿನ್ ಹೇಳಿಕಳಿಸಿದ್ದ. ಚರ್ಚಿನ ಬೀಗದಕೈ ನಲವತ್ತು ವರ್ಷದಿಂದ ಅವನ ಪ್ಯಾಂಟಿಗೇ ನೇತಾಡುತ್ತಿದೆ.

"ನಿನ್ನ ಹೆಂಡ್ತಿ ಇದ್ದಾಗ ಸಿಗಬಾರದಿತ್ತೇನಯ್ಯಾ ಇದು. ನನ್ನ ಪ್ರಾಣ ತಿಂದಿದ್ಲು. 'ಓರಿನ್, ಇನ್ನೊಂದು ಸಲ ನೋಡು, ಇನ್ನೊಂದು ಸಲ ನೋಡು.'"

"ಬಾಯ್ಲರ್ ಹಿಂದೆ ನೋಡಿದ್ಯಾ?"

"ಬಾಯ್ಲರ್ ಹಿಂದೆ ಯಾವನಾದ್ರೂ ನೋಡ್ತಾನಾ? ಒಂದ್ಸಲ ಮೀಸೆ ಸುಟ್ಕೊಂಡಿದೀನಿ."

ಪೆಟ್ಟಿಗೆಯಲ್ಲಿ ಮೆಥಡಿಸ್ಟ್ ಪ್ರಾರ್ಥನಾ ಗುಂಪಿನ ಮುಖಂಡನ ಪುಸ್ತಕ. ಯಾರು ಬಂದರು, ಯಾರು ಕುಡಿದರು, ಯಾರು ಸತ್ತರು. ಅಕ್ಷರ ಸಣ್ಣ. ಓರಿನ್ ತನ್ನ ಕನ್ನಡಕವನ್ನೂ ಕೊಟ್ಟ. ನನ್ನದರ ಮೇಲೆ ಅವನದನ್ನು ಹಾಕಿಕೊಂಡು ಓದಿದೆ. ಇದ್ದದ್ದು ಇದ್ದಹಾಗೆ ಬರೆದುಕೊಳ್ಳುತ್ತೇನೆ.

1849 ಆಗಸ್ಟ್ 9: "ಸಹೋದರ ಆಲ್ಡರ್ಸನ್ನರ ಏಕೈಕ ಮಗು ಹ್ಯಾನಾ, ಐದು ವರ್ಷ. ಬೆಳಿಗ್ಗೆ ಕಾಲರಾ ತಗುಲಿ ಸಂಜೆಯೊಳಗೆ ತೀರಿಕೊಂಡಳು. ಮಣ್ಣು ಮಾಡಿದೆವು."

ಅಕ್ಟೋಬರ್ 14: "ಗಣಿ ರಸ್ತೆಯ ವಸತಿಗೃಹದಲ್ಲಿ ಉಳಿದುಹೋಗಿದ್ದ ಹೆಣ್ಣುಮಗುವನ್ನು ಆಲ್ಡರ್ಸನ್ ದಂಪತಿ ಕರೆತಂದರು. ಹೆತ್ತವರಿಬ್ಬರೂ ಅದೇ ರೋಗಕ್ಕೆ ಹೋದರು. ಮಿಸ್ಸೂರಿಯಿಂದ ಬಂದವರಂತೆ. ಹೆಸರು ತಿಳಿದವರಿಲ್ಲ."

ಡಿಸೆಂಬರ್ 2: "ಸಹೋದರಿ ಮಾರ್ಗರೆಟ್ ಮಗುವನ್ನು ಹ್ಯಾನಾ ಎಂದು ಕರೆಯುತ್ತಿದ್ದಾಳೆ. ಸಲ್ಲದು ಎಂದೆ. ಕೇಳಲಿಲ್ಲ. ಮಗು ಈಗ ಆ ಹೆಸರಿಗೆ ಓಗೊಡುತ್ತದೆ."

ಓರಿನ್ ಏನು ಸಮಾಚಾರ ಅಂದ. ಏನಿಲ್ಲ ಅಂದೆ.

ಮೇ 18

ಗಣತಿಯವನು ತಪ್ಪು ಮಾಡಿರಲಿಲ್ಲ.

ಜೂನ್ 6. ಬೆಳಿಗ್ಗೆ 11

ಹತ್ತೊಂಬತ್ತು ದಿನ ಬರೆದಿಲ್ಲ. ಟೊಮೆಟೊ ಸಸಿ ನೆಟ್ಟೆ. ಮೊಲ ತಿಂದವು.

ಟೀಚರ್ಸ್ ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಇಂಥದಕ್ಕೆ ಒಂದು ಪದ ಇತ್ತು. ಒಬ್ಬ ತಾನು ತೋಡಿದ ಹಳ್ಳದ ಮೇಲೆ ತಾನೇ ನಿಂತಿರುತ್ತಾನೆ, ಅವನಿಗೆ ಗೊತ್ತಿರುವುದಿಲ್ಲ, ನೋಡುವವರಿಗೆ ಗೊತ್ತು... ಐರನಿ? ಅದಲ್ಲ, ಗ್ರೀಕರದು ಬೇರೊಂದು. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಸಲ ಅಡಿಗೆರೆ ಹಾಕಿದ್ದು ನೆನಪಿದೆ. ಪದ ಹೋಗಿದೆ. ಎರಡೇ ವರ್ಷ ಓದಿದ್ದು, ಆಮೇಲೆ ಚೀಸ್ ಕಾರ್ಖಾನೆ.

ವರ್ನಾಳಿಗೆ ಹೇಳಿಯೇಬಿಟ್ಟೆ. ನನ್ನ ಅಡುಗೆಮನೆಯಲ್ಲಿ, ಅವಳೇ ತಂದ ರೂಬಾರ್ಬ್ ಪೈ ತಿನ್ನುತ್ತಾ. ಬರೆದುಕೊಂಡದ್ದನ್ನು ಓದಿದಳು. ಪುಟ ಮಗುಚಿ ಹಿಂದುಗಡೆಯೂ ನೋಡಿದಳು.

"ಯಾರೋ ಒಬ್ಬ ಗಡ್ಡದವನು ಬರೆದಿಟ್ಟ ಅಂತ..."

"ಅದೇ ಗಡ್ಡದವನ ಕೈಬರಹದಲ್ಲಿ ಥಾಮಸ್ ಸತ್ತ ದಿನ ಸಿಕ್ಕಿದ್ರೆ ಪ್ರೂಫ್ ಅಂತಿದ್ಲು ನಿಮ್ಮಕ್ಕ."

"ಹಾಗಾದ್ರೆ ನಾವು ಯಾರು? ಈ ಮೂಗು ಯಾರದು?" ಆಲ್ಡರ್ಸನ್ ಮೂಗು ಅಂತ ಐವತ್ತು ವರ್ಷ ಮೆರೆಸಿದ ಮೂಗನ್ನು ಹಿಡಿದುಕೊಂಡಳು. ನಗು ಬರಬೇಕಿತ್ತು. ಇಬ್ಬರಿಗೂ ಬರಲಿಲ್ಲ.

"ಮಿಸ್ಸೂರಿ ಮೂಗು."

"ವೆಂಡೆಲ್, ತಮಾಷೆ ಮಾಡಬೇಡ. ನೂರೈವತ್ತು ವರ್ಷ ಆ ಹೊಲ ಉತ್ತಿದೀವಿ. ಮಾರ್ಗರೆಟ್ ಪಕ್ಕದಲ್ಲೇ ಹ್ಯಾನಾನ ಹೂತಿದಾರೆ. ಅವಳು ಆಲ್ಡರ್ಸನ್ನೇ. ಸಾಕಿದ್ರೆ ಏನಾಯ್ತು?"

ನಾನು ಮೇಜಿನ ಕಡೆ ತಿರುಗಿದೆ. ಚಾರ್ಟಿನ ಬಲತುದಿ ಮೇಜಿನಿಂದ ಜೋತುಬಿದ್ದಿತ್ತು. ಅವಳೂ ಆ ಕಡೆ ನೋಡಿದಳು. 

"ಲಿನೆಟ್ ವಿಷಯ ಬೇರೆ," ಅಂದಳು. ಸಣ್ಣ ದನಿ.

"ಹೇಗೆ ಬೇರೆ?"

ಪೈ ತಟ್ಟೆ ಎತ್ತಿಕೊಂಡಳು. ಅರ್ಧ ಇನ್ನೂ ಇತ್ತು. "ಹ್ಯಾನಾ ಗೆರೆ ಮುಟ್ಟಿದ್ರೆ ನಾನದನ್ನ ತೂಗುಹಾಕಲ್ಲ. ಅಷ್ಟೆ." ಬಾಗಿಲು ಹಾಕಿಕೊಂಡು ಹೋದಳು. ಆಮೇಲೆ ಮತ್ತೆ ಬಾಗಿಲು ತೆರೆಯಿತು. ಪೈ ಇಟ್ಟು ಹೋದಳು.

ಜೂನ್ 7

ಬ್ಲೇಡು ಹಿಡಿದು ಕೂತಿದ್ದೆ. ಆರ್ಡಿಸ್‌ಳ ನಿಯಮದ ಪ್ರಕಾರ ಹ್ಯಾನಾಳ ಗೆರೆಯನ್ನು ತುಂಡು ಮಾಡಬೇಕು. ಮಾಡಿದರೆ ವರ್ನಾ, ಆರ್ಡಿಸ್, ಸತ್ತವರು, ಇದ್ದವರು, ಎಲ್ಲರೂ ತುಂಡು ಗೆರೆಯಿಂದ ನೇತಾಡುವವರೇ. ಮಾಡದೆ ಲಿನೆಟ್‌ದನ್ನು ಮಾತ್ರ ಹಾಗೇ ಬಿಟ್ಟರೆ... ಗಾಜಿನ ಹಿಂದೆ, ಯಾವತ್ತಿಗೂ.

1991ರಲ್ಲೇ ಬಾಯಿಬಿಡಬಹುದಿತ್ತು ನಾನು. ಪದ್ಧತಿ ಅವಳ ಇಲಾಖೆ ಅಂತ ಸುಮ್ಮನಿದ್ದೆ. ಸಾಸೇಜು ಸುಡುತ್ತಿದ್ದೆ. ಅದನ್ನೇ ಮುಂದುವರಿಸಿದೆ.

ಜೂನ್ 21. ಸಂಜೆ 5

ಮಗಳ ಊರು ಲಾ ಕ್ರಾಸ್‌ಗೆ ಫೋನ್ ಮಾಡಿದೆ. ಲಿನೆಟ್ ಆಗಷ್ಟೇ ಸ್ಕೂಲ್ ಬಸ್ಸು ನಿಲ್ಲಿಸಿ ಬಂದಿದ್ದಳು, ಬೇಸಿಗೆ ತರಗತಿಯ ಮಕ್ಕಳದು.

ಪೂರ್ತಿ ಓದಿ ಹೇಳಿದೆ.  

"ಅದರ ಮೊದಲಿನ ಹೆಸರು ಗೊತ್ತಿಲ್ವಾ ಅಪ್ಪ?"

"ಇಲ್ಲ."

"ಮೂರು ವರ್ಷದ್ದಕ್ಕೂ ತನ್ನ ಹೆಸರು ಹೇಳಕ್ಕೆ ಬರ್ತಿತ್ತು. ಹೇಳೇ ಇರತ್ತೆ. ಯಾರೂ ಬರ್ಕೊಂಡಿಲ್ಲ ಅಷ್ಟೆ."

ನನಗೆ ಅದು ಹೊಳೆದಿರಲಿಲ್ಲ. ವಾರಗಟ್ಟಲೆ ಗೆರೆಯನ್ನೇ ನೋಡುತ್ತಿದ್ದೆ.

ಕೂಟಕ್ಕೆ ಬಾ ಅಂದೆ. "ನೋಡೋಣ ಅಪ್ಪ." ಹದಿನಾಲ್ಕು ವರ್ಷವೂ "ನೋಡೋಣ"ವೇ. ಆದರೆ ಈ ಸಲ ಮೊದಲು ಉಸಿರೆಳೆದುಕೊಂಡಳು.

ಜುಲೈ 9, ಶನಿವಾರ. ಸಂಜೆ

ಬಂದಿದ್ದಾಳೆ. ನಾಲ್ಕು ಗಂಟೆಗೆ. ನೆನೆಹಾಕಿದ ಪಾತ್ರೆಗಳನ್ನು ನೋಡಿ, "ಇವಕ್ಕೆ ಎಷ್ಟು ವರ್ಷ ಅಪ್ಪ? ಮ್ಯೂಸಿಯಂಗೆ ಇವನ್ನೂ ಕಳಿಸು," ಅಂದಳು. ತೋಳು ಮಡಚಿ ಉಜ್ಜತೊಡಗಿದಳು. ಆರ್ಡಿಸ್ ಉಜ್ಜುವ ಹಾಗೇ, ತುಟಿ ಒಳಗೆಳೆದುಕೊಂಡು.

ಆಮೇಲೆ ಚಾರ್ಟಿನ ಎದುರು ನಿಂತಳು. ಮೇಲ್ತುದಿಯಿಂದಲೇ ಶುರು ಮಾಡಿದಳು, ಬಲತುದಿಗೆ ಕೊನೆಗೆ ಬಂದಳು.

"ಹ್ಯಾನಾಳ ಗೆರೆ ಕೆರೀಬೇಡ."

"ನಿಮ್ಮಮ್ಮನ ನಿಯಮ..."

"ಅಮ್ಮ ಇಬ್ಬರು ಮಕ್ಕಳನ್ನ ಒಂದೇ ಚೌಕದಲ್ಲಿ ತುರುಕಿದಾಳೆ ಅಪ್ಪ. ಮೊದಲು ಅದನ್ನ ಸರಿಮಾಡು. ಸತ್ತಿದ್ದಕ್ಕೆ ಅದರದ್ದೇ ಜಾಗ ಕೊಡು."

ಹೌದು. ಐದು ವರ್ಷದ ಮಗು, ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಇಲ್ಲ. ಈ ಹದಿನಾಲ್ಕು ಅಡಿಯಲ್ಲಿ ಅದು ಸತ್ತೇ ಇರಲಿಲ್ಲ.

ಇಬ್ಬರೂ ಕೂತು ಮಾಡಿದೆವು. ಹ್ಯಾನಾ, 1844–1849. ಪಕ್ಕದಲ್ಲಿ ಹ್ಯಾನಾ, ಮಿಸ್ಸೂರಿ, ಇಸವಿ ತಿಳಿಯದು. ಇಬ್ಬರಿಗೂ ಇಡೀ ಗೆರೆ. ಎರಡನೆಯವಳ ಮೇಲೆ ಲಿನೆಟ್ ಸ್ಕೇಲು ಹಿಡಿದು ಎರಡು ಖಾಲಿ ಚೌಕ ಎಳೆದಳು, ಹೆತ್ತವರಿಗೆ. "ಅವಳಿಗೂ ಯಾರೋ ಇದ್ದರಲ್ಲ," ಅಂದಳು. ತನ್ನ ಹೆಸರಿನ ಮೇಲೆ ಅಂಥದ್ದು ಎಳೆದುಕೊಳ್ಳಲಿಲ್ಲ. ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ.

ಪೆನ್ನು ತುಂಡು ಗೆರೆಯ ಕಡೆ ತಂದೆ. ಕೈ ಹಿಡಿದಳು.

"ನನಗೋಸ್ಕರ ಅಂತ ಸೇರಿಸ್ಬೇಡ. ಪಾಪ ಅಂತಾನೂ ಸೇರಿಸ್ಬೇಡ. ಪ್ರೂಫ್ ಇದ್ರೆ ಸೇರಿಸು."

ಅವರಮ್ಮನ ಮಗಳು.

ಜುಲೈ 10, ಭಾನುವಾರ. ಬೆಳಿಗ್ಗೆ 8.15

ಓಟ್ಸ್ ತಳ ಹಿಡಿಯಲಿಲ್ಲ. ಲಿನೆಟ್ ಮಾಡಿದ್ದು. ಕೆಳಗೆ ಆಲೂಗಡ್ಡೆ ಸಲಾಡು ಕಲಸುತ್ತಿದ್ದಾಳೆ. ಅದೇ ಬಟ್ಟಲು ತಂದಿದ್ದಾಳೆ.

ವರ್ನಾ ಏಳಕ್ಕೇ ಬಂದಿದ್ದಳು. ಎರಡು ಹ್ಯಾನಾಗಳನ್ನು ನೋಡಿದಳು. ಖಾಲಿ ಚೌಕ ನೋಡಿದಳು. ಬೈಯುತ್ತಾಳೆಂದು ಕಾದೆ. ಮೂಗು ಒರೆಸಿಕೊಂಡು, "ಮೊಳೆ ಎಷ್ಟು ತರಲಿ?" ಅಂದಳು. ಹೋದಳು.

ಚಾರ್ಟನ್ನು ನನ್ನ ಮಲಗುವ ಕೋಣೆಗೆ ತಂದು ಹಾಸಿಗೆ ಮೇಲೆ ಹಾಸಿದ್ದೇನೆ. ಆರ್ಡಿಸ್‌ಳ ನೋಟ್‌ಬುಕ್ಕಿನ ಕೊನೆಯ ಅಂಕಿ 611. 612 ಬರೆದೆ:

"2004 ನವೆಂಬರ್ 19, ಆಸ್ಪತ್ರೆ. ಆರ್ಡಿಸ್ ನಾಲ್ಕು ದಿನದಿಂದ ನನ್ನನ್ನು ಗುರುತಿಸಿರಲಿಲ್ಲ. ಬೆಳಿಗ್ಗೆ ಲಿನೆಟ್ ಎಂದು ಕರೆದಳು. ಹನ್ನೊಂದು ದಿನದಿಂದ ಪಕ್ಕದಲ್ಲೇ ಕೂತಿದ್ದವಳು, ಇಲ್ಲೇ ಇದೀನಮ್ಮ ಎಂದಳು. ಕಣ್ಣಾರೆ ಕಂಡವನು: ವೆಂಡೆಲ್, ಗಂಡ ಮತ್ತು ತಂದೆ."

ಓಗೊಟ್ಟಳು. ಆ ಮಗು ಹ್ಯಾನಾ ಎಂಬ ಹೆಸರಿಗೆ ಓಗೊಟ್ಟದ್ದು 1849ಕ್ಕೆ ಪ್ರೂಫ್ ಆಗಿ ಸಂದರೆ, ಇದಕ್ಕೂ ಸಲ್ಲಬೇಕು. ಆರ್ಡಿಸ್ ಒಪ್ಪುತ್ತಿದ್ದಳೇ? ವಾದ ಮಾಡುತ್ತಿದ್ದಳು. ಆಮೇಲೆ ಪುಟದ ನಂಬರು ಕೇಳುತ್ತಿದ್ದಳು.

ಲಿನೆಟ್‌ಳ ತುಂಡು ಗೆರೆಯಲ್ಲಿ ಹನ್ನೆರಡು ಸಂದು. ಒಂದು ಸೇರಿಸುವುದು, ಇಲ್ಲೊಂದು ಸಾಲು ಬರೆಯುವುದು, ಹೀಗೆ ಮಾಡುತ್ತಿದ್ದೇನೆ. ಇಂಕು ಒಣಗಲು ಬಿಡಬೇಕಲ್ಲ. ಎಂಟು ಆಯಿತು. ಒಂಬತ್ತನೆಯದು ಸ್ವಲ್ಪ ಸೊಟ್ಟ. ಇರಲಿ.

ಹತ್ತು.

ಹನ್ನೊಂದು—

ಕೆಳಗಿಂದ ಕರೆಯುತ್ತಿದ್ದಾಳೆ. "ಅಪ್ಪಾ! ಉಪ್ಪು ಸಾಕಾ ನೋಡ್ಬಾ!"

ಬಂದೆ ಅಂದೆ. ಇನ್ನೊಂದೇ