ಊರು ಬಿಡೋ ಗುರುದತ್ತರ ಹಾಡು

ಷಾರ್ಲೆಟ್,
ಡಿಸೆಂಬರ್ 15, 2023, ಶುಕ್ರವಾರ

ಸಿಟ್ಟಿನ ರಾಯರಿಗೆ ಶ್ರೀಲತಾಳ ನಮಸ್ಕಾರ.

ನಾವಿಲ್ಲಿ ಕ್ಷೇಮ. ನೀವೂ ಆರು ಗಂಟೆ ದಾರಿಯಾಚೆ ಫೇರ್‌ಫ್ಯಾಕ್ಸಿನಲ್ಲಿ ಮೂರು ಹೊತ್ತು ಬ್ರೆಡ್ ತಿಂದುಕೊಂಡು ಕ್ಷೇಮವೆಂದೇ ತಿಳಿದಿದ್ದೇನೆ. ಮನೆಗೆ ಬನ್ನಿ ಎಂದು ಕರೆಯಲು ಬರೆಯುತ್ತಿಲ್ಲ. ಒಂದು ಎಡವಟ್ಟಾಗಿದೆ, ತಿಳಿಸಬೇಕು.

ಪಕ್ಕದ ಮನೆಯ ಅಲ್ತಾಗ್ರಾಸಿಯಾ ನೆನಪಿದ್ದಾರಲ್ಲ, ಡೊಮಿನಿಕನ್ ರಿಪಬ್ಲಿಕ್‌ನವರು? ಕಳೆದ ಡಿಸೆಂಬರಿನಲ್ಲಿ ಅವರ ಡೋಲಿನ ಸದ್ದು ತಡೆಯದೆ ನೀವು ಬಡಾವಣೆಯ ಸಂಘಕ್ಕೆ, ಅದೇ ಎಚ್‌ಒಎಗೆ, ದೂರು ಕೊಟ್ಟಿರಿ. ಅದೇ ಸಂಜೆ ನಾನು ಅವರ ಮನೆಯಲ್ಲಿ ಕೂತು ಚಪ್ಪಾಳೆ ತಟ್ಟಿದೆ. ನೀವು ಮೂರು ತಿಂಗಳ ಕಾಂಟ್ರ್ಯಾಕ್ಟ್ ಎಂದು ನೆಪ ಹೇಳಿ ಹೊರಟವರು, ವರ್ಷವಾಯಿತು.

ಈಗ ಮತ್ತೆ ಅವರ ಕ್ರಿಸ್ಮಸ್ ಹಾಡುಗಳ ಕಾಲ. ಅಗಿನಾಲ್ದೊ ಅನ್ನುತ್ತಾರೆ. ಬಾಗಿಲ ಮುಂದೆ ನಿಂತು ಯಜಮಾನನ ಹೆಸರು ಸೇರಿಸಿ ಹಾಡುವುದು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಾಕಬೇಕು, ನಮ್ಮ ಸೋಬಾನೆಯ ಹಾಗೆ. ಹೆಸರು ಬಂದವನು ಬಾಗಿಲು ತೆಗೆದು, ಎಲ್ಲರಿಗೂ ಶುಂಠಿ ಕಷಾಯ ಕೊಟ್ಟು, ತಾನೂ ಗುಂಪಿಗೆ ಸೇರಿಕೊಳ್ಳಬೇಕು.

ಪ್ರಾಕ್ಟೀಸ್ ದಿನ ನಿಮ್ಮ ಹೆಸರು ಕೇಳಿದರು. ಗಂಡನ ಹೆಸರನ್ನು ಬೋಳಾಗಿ ಹೇಳಲು ನನಗೆ ಬಾಯಿ ಬರುತ್ತದೆಯೇ? ಮದುವೆಯಲ್ಲಿ ಹೇಳಿಸುತ್ತಾರಲ್ಲ, ಹಾಗೇ ರಾಗವಾಗಿ ಒಡಪು ಕಟ್ಟಿದೆ:

ತಟ್ಟೇಲಿ ರವೆಉಂಡೆ, ಡಬ್ಬೀಲಿ ಅವಲಕ್ಕಿ,
ಸಿಟ್ಬಂದ್ರೆ ಊರು ಬಿಡೋ ಗುರುದತ್ತ ನನ್ನ ಹಕ್ಕಿ.

ಅವರು ಇದೂ ನಮ್ಮ ಕಡೆಯ ಬಾಗಿಲ ಹಾಡೇ ಇರಬೇಕೆಂದು ಡೋಲು ಬಾರಿಸಿಯೇಬಿಟ್ಟರು! ಈಗ ಇಡೀ ಬೀದಿ ‘ಊರು ಬಿಡೋ ಗುರುದತ್ತ’ ಎಂದು ಸೊಲ್ಲು ಹಾಕುತ್ತಿದೆ. ‘ಅಪ್ಪ ಈಸ್ ಫೇಮಸ್ ನೌ’ ಅಂತಾಳೆ ನಿಮ್ಮ ಮಗಳು ಮಾನ್ಯಾ.

ನಾಳೆ ನಮ್ಮ ಬಾಗಿಲ ಸರದಿ. ಹೆಸರು ಬಂದವನೇ ಬಾಗಿಲು ತೆಗೆಯಬೇಕು, ಹೆಂಡತಿ ತೆಗೆದರೆ ನಡೆಯದು, ಇದು ಅಲ್ತಾಗ್ರಾಸಿಯಾರ ಕಾನೂನು. ಯಜಮಾನರು ಊರಲ್ಲಿಲ್ಲ ಎಂದೆ. ಎಲ್ಲಿದ್ದಾರೆ ಎಂದು ಕೇಳಿದರು. ಹೇಳಿದೆ.

ನನಗೇನೂ ಬೇಜಾರಿಲ್ಲ. ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿ ಒಂದನ್ನು ಸಿಂಕಿಗೆ ಸುರಿಯುತ್ತೇನೆ, ಅಷ್ಟೇ.

ಇಂತಿ,
ಎಲ್ಲಿಗೂ ಹಾರಿಹೋಗದ
ಶ್ರೀಲತಾ

ಮರೆತ ಮಾತು: ಲಕೋಟೆಗೆ ಸ್ಟಾಂಪ್ ಇಲ್ಲ, ನೋಡಿದಿರಾ? ಬಾಗಿಲ ಸಂದಿಯಿಂದ ತೂರಿಸಿದ್ದು ನಾನೇ. ಯಜಮಾನ ಇರುವಲ್ಲೇ ಅವನ ಬಾಗಿಲು ಎಂದು ಅಲ್ತಾಗ್ರಾಸಿಯಾ ಇವತ್ತು ಶನಿವಾರ ಬೆಳಿಗ್ಗೆಯೇ ಕಾರುಗಳನ್ನು ಹೊರಡಿಸಿದರು. ದೂರು ಕೊಟ್ಟವರು ಯಾರೆಂದು ಅವರಿಗೆ ಮೊದಲಿನಿಂದಲೂ ಗೊತ್ತಂತೆ. ಡೋಲನ್ನು ನಿಮ್ಮ ಕೈಗೇ ಕೊಡುತ್ತಾರಂತೆ. ಕಷಾಯ ಫ್ಲಾಸ್ಕಿನಲ್ಲಿದೆ. ಹೊರಗೆ ಚಳಿ. ಹಾಡು ಶುರುವಾಗಿ ನಿಮ್ಮ ಅಪಾರ್ಟ್‌ಮೆಂಟಿನವರು ದೂರು ಕೊಡುವ ಮೊದಲು ಬಾಗಿಲು ತೆಗೆಯಿರಿ.