ಲುಲ್ವಾ ಬಿಂತ್ ಜಾಸಿಂ ಅವರು ಖುದ್ದು ಹಾಜರಾಗುವ ಕುರಿತು

ಸಮುದ್ರವನ್ನು ಸಿಹಿ ಮಾಡಿ ಕುವೈತಿನ ಮನೆಮನೆಗೂ ಕಳಿಸುವ ಕೊಳವೆಜಾಲದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ತಾಯಿ ಲುಲ್ವಾ ಬಿಂತ್ ಜಾಸಿಂ ಅವರ ಹೆಸರಿಗೆ ತಾವು ಕಳಿಸಿದ ನೋಟಿಸು ಮನೆಗೆ ತಲುಪಿದೆ. ಅವರು ಪರವಾನಗಿ ಇಲ್ಲದೆ, ನಿವೇಶನದ ಗಡಿಯಾಚೆ, ಸಾರ್ವಜನಿಕರಿಗೆ ಜಾಲದ ನೀರನ್ನು ಪ್ರತಿನಿತ್ಯ ಹಂಚುತ್ತಿದ್ದಾರೆಂದೂ, ಗುರುತಿನ ಚೀಟಿಯೊಂದಿಗೆ ಖುದ್ದು ಹಾಜರಾಗಿ ಕಾರಣ ಹೇಳಬೇಕೆಂದೂ, ತಪ್ಪಿದಲ್ಲಿ ಸಂಪರ್ಕ ಕಡಿತಗೊಳಿಸಲಾಗುವುದೆಂದೂ ಅದರಲ್ಲಿ ಬರೆದಿದೆ. ನಮ್ಮದು ಕಾನೂನಿಗೆ ತಲೆಬಾಗುವ ಕುಟುಂಬ. ಕರೆದಲ್ಲಿಗೆ ಹೋಗುವುದು ನಮ್ಮ ರೂಢಿ. ಆದರೆ ಈ ಸಲ ಒಂದು ಸಣ್ಣ ಅಡಚಣೆಯಿದೆ. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಈ ವಿಷಯವನ್ನು ಪತ್ರಿಕೆಗೆ ತರದೆ ತಮಗೊಬ್ಬರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆದೆ. ಉತ್ತರವಾಗಿ ಎರಡನೆಯ ನೋಟಿಸು ಬಂತು. ಅದೂ ಅಮ್ಮನ ಹೆಸರಿಗೇ ಇತ್ತು. ಮೊದಲನೆಯದಕ್ಕೆ ಸ್ಪಂದಿಸದ ಅವರ ಉದ್ಧಟತನವನ್ನು ಅದರಲ್ಲಿ ಗಂಭೀರವಾಗಿ ಪರಿಗಣಿಸಲಾಗಿತ್ತು. ಅಮ್ಮನನ್ನು ಬದುಕಿದ್ದಾಗಲೂ ಅನೇಕರು ಉದ್ಧಟೆ ಎನ್ನುತ್ತಿದ್ದರು. ಆದರೆ ಲಿಖಿತವಾಗಿ ಯಾರೂ ಹೇಳಿರಲಿಲ್ಲ.

ತಪ್ಪು ಎಲ್ಲಿ ಹುಟ್ಟಿತೆಂದು ನನಗೆ ಗೊತ್ತು. ನಮ್ಮ ಕಾಂಪೌಂಡ್ ಗೋಡೆಯ ಹೊರಮೈಯಲ್ಲಿ ತಣ್ಣೀರಿನ ಒಂದು ಕೂಲರ್ ಇದೆ. ಇಂಥವು ನಮ್ಮ ದೇಶದ ಬೀದಿಬೀದಿಗೂ ಇವೆ. ತಾವು ವಾಸಿಸುವ ಬೀದಿಯಲ್ಲೂ ಇದ್ದೇ ಇರುತ್ತದೆ, ಕಾರಿನ ಗಾಜು ಇಳಿಸಿದರೆ ಕಂಡೀತು. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳು ದಾರಿಹೋಕರಿಗೆಂದು ಇಡುವ ನೀರು ಅದು. ಆ ನೀರು ಹರಿಯುವಷ್ಟು ಕಾಲ ಅದರ ಪುಣ್ಯ ಸತ್ತವರ ಲೆಕ್ಕಕ್ಕೆ ಹೋಗುತ್ತಿರುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ತಮ್ಮದೂ ಅದೇ ಎಂದುಕೊಂಡಿದ್ದೇನೆ. ಕೂಲರಿನ ಮೇಲೊಂದು ಚಿಕ್ಕ ಅಮೃತಶಿಲೆಯ ಹಲಗೆಯಲ್ಲಿ ಅಮ್ಮನ ಹೆಸರು ಕೆತ್ತಿಸಿದ್ದೇನೆ. ಕೆಳಗೆ ಪ್ರಾರ್ಥನೆಯ ಒಂದು ಸಾಲೂ ಇತ್ತು. ಬಿಸಿಲು ಮತ್ತು ಮರಳಿಗೆ ಅದು ಸವೆದುಹೋಯಿತು, ಹೆಸರು ಮಾತ್ರ ಉಳಿಯಿತು.

ತಮ್ಮ ಇನ್ಸ್‌ಪೆಕ್ಟರ್ ಬಂದದ್ದು ಮೇ ತಿಂಗಳ ಬಿಸಿಲಲ್ಲಿ. ಅಲ್ಲಿ ಸರದಿಯಲ್ಲಿದ್ದವರು ಬೀದಿ ಗುಡಿಸುವ ಕಮರುಲ್ ಮತ್ತು ಊಟದ ಡಬ್ಬಿ ತಲುಪಿಸುವ ಇಬ್ಬರು ಬೈಕಿನವರು. ನನ್ನ ಹೆಂಡತಿ ಬದ್ರಿಯಾ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

"ಇದು ಯಾರದ್ದು?" ಎಂದು ಇನ್ಸ್‌ಪೆಕ್ಟರ್ ಕೇಳಿದರಂತೆ.

"ಲುಲ್ವಮ್ಮಂದು ಸಾರ್" ಎಂದ ಕಮರುಲ್.

"ನೀರು ಯಾರ್ ಕೊಡ್ತಾರೆ?"

"ಲುಲ್ವಮ್ಮನೇ ಕೊಡೋದು."

"ದಿನಾನಾ?"

"ದಿನಾ ಸಾರ್. ಹಬ್ಬದ ದಿನಾನೂ ಬಿಡಲ್ಲ."

ಇಷ್ಟಾದ ಮೇಲೆ ಇನ್ಸ್‌ಪೆಕ್ಟರ್ ತಾನೇ ಏನು ಮಾಡಬೇಕು? ಆರೋಪಿಯ ಹೆಸರು ಕಲ್ಲಿನ ಮೇಲಿದೆ, ಮೂವರು ಸಾಕ್ಷಿಗಳು ಎದುರಿಗಿದ್ದಾರೆ. ಅವರು ಬರೆದುಕೊಂಡರು. ಆದರೆ ಬರೆಯುವ ಮೊದಲು ಅವರೂ ಕುಡಿದರು. ಮೂರು ಲೋಟ. ಇದನ್ನು ದೂರಾಗಿ ಹೇಳುತ್ತಿಲ್ಲ. ಬದ್ರಿಯಾಳ ಸಿಟ್ಟಿಗೆ ಮಾತ್ರ ನಾನು ಜವಾಬ್ದಾರನಲ್ಲ. "ಪಾಪ, ಬಿಸಿಲಲ್ಲಿ ಬಂದಿದಾನೆ ಅಂತ ಒಂದ್ ತಟ್ಟೆ ಖರ್ಜೂರನೂ ಕಳ್ಸಿದ್ನಲ್ರೀ! ತಿಂದು, ನೀರು ಕುಡ್ದು, ಬಾಯಿ ಒರೆಸ್ಕೊಂಡು ನಮ್ ಮೇಲೇ ಬರ್ಕೊಂಡು ಹೋದ್ನಲ್ಲ! ಅತ್ತೆ ಇದ್ದಿದ್ರೆ ತಟ್ಟೆನೂ ಕಸ್ಕೊಂಡಿರೋರು" ಎಂದು ಅವಳು ಈಗಲೂ ಬಂದವರೆದುರೆಲ್ಲ ಹೇಳುತ್ತಾಳೆ.

ಅಮ್ಮನ ಪರವಾಗಿ ನಾನೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕೌಂಟರಿನಲ್ಲಿದ್ದ ಗುಮಾಸ್ತರು ಬಹಳ ಮರ್ಯಾದಸ್ಥರು, ನನಗೆ ಚಹಾ ತರಿಸಿಕೊಟ್ಟರು.

"ಲುಲ್ವಾ ಬಿಂತ್ ಜಾಸಿಂ ಎಲ್ಲಿ ಚಿಕ್ಕಪ್ಪಾ? ಅವ್ರೇ ಬರ್ಬೇಕಲ್ಲ."

"ಅವ್ರು ತೀರ್ಕೊಂಡಿದಾರಪ್ಪ. ಹನ್ನೊಂದು ವರ್ಷ ಆಯ್ತು."

ಅವರು ಪರದೆಯ ಮೇಲೆ ಬೆರಳಿಟ್ಟು ಓದಿದರು. "ಆದ್ರೆ ಹೋದ್ ತಿಂಗಳು ನೀರ್ ಹಂಚ್ತಿದ್ರು ಅಂತ ಇದೆಯಲ್ಲ?"

"ಅದೂ ನಿಜ" ಎಂದೆ.

ಅವರು ನನಗೆ ಇನ್ನೊಂದು ಲೋಟ ಚಹಾ ತರಿಸಿದರು. ಆಮೇಲೆ ಅವರು ದನಿ ತಗ್ಗಿಸಿ ಒಂದು ದಾರಿ ತೋರಿಸಿದರು. "ಸತ್ತೋರ ಹೆಸ್ರಿಗೆ ಪರವಾನಗಿ ಕೊಡಕ್ಕಾಗಲ್ಲ. ಆ ಕಲ್ಲು ತೆಗ್ಸಿ, ನಿಮ್ ಹೆಸ್ರು ಹಾಕ್ಸಿ. ಆಮೇಲೆ ಅರ್ಜಿ ಕೊಡಿ, ನಾನೇ ಮುಂದೆ ನಿಂತು ಮಾಡಿಸ್ಕೊಡ್ತೀನಿ. ನೀರು ಅದೇ, ಕೂಲರ್ ಅದೇ. ಹೆಸ್ರೊಂದು ಬೇರೆ, ಅಷ್ಟೇ ತಾನೆ?"

ಅಷ್ಟೇ ತಾನೆ! ಮಾನ್ಯರೇ, ತಮ್ಮಲ್ಲಿ ನನ್ನ ತಕರಾರು ಇರುವುದೇ ಇಲ್ಲಿ. ಅಮ್ಮ ಈಗಿರುವ ಕಡೆ ಪಿಂಚಣಿಯಿಲ್ಲ, ಬಾಡಿಗೆ ಬರುವ ಮನೆಯಿಲ್ಲ. ಗೋಡೆಯ ಮೇಲಿನ ಆ ಒಂದು ನಲ್ಲಿಯೇ ಅವಳ ಸಂಪಾದನೆ. ಅದನ್ನು ನನ್ನ ಹೆಸರಿಗೆ ಬರೆಸಿಕೋ ಎನ್ನುತ್ತೀರಿ. ಬದುಕಿದ್ದಾಗ ಅವಳ ಒಂದು ಬಳೆಯನ್ನೂ ಕೇಳದವನು ಸತ್ತ ಮೇಲೆ ಅವಳ ಪುಣ್ಯವನ್ನು ವರ್ಗಾವಣೆ ಮಾಡಿಸಿಕೊಳ್ಳಲೇ? ಮನೆಗೆ ಬಂದು ಈ ಸಲಹೆ ಹೇಳಿದಾಗ ಬದ್ರಿಯಾ, "ಸಾಯಕ್ ಮುಂಚೇನೇ ಹೆಸ್ರು ಕಲ್ಲಿಗೇರಿಸ್ಕೋಬೇಕು ಅಂತ ಅಷ್ಟು ಅವಸರ ಇದ್ರೆ ಹೇಳಿ, ನಾನೂ ತಯಾರಿ ಮಾಡ್ಕೋತೀನಿ" ಎಂದಳು.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾನು ತಮ್ಮ ಜಾಲದ ವೈರಿಯಲ್ಲ. ಮೂವತ್ತು ವರ್ಷ ಸಮುದ್ರವನ್ನು ಕುದಿಸಿ ಅನ್ನ ತಿಂದವನು. ಸಮುದ್ರದ ನೀರನ್ನು ಹಬೆ ಮಾಡಿ, ಆ ಹಬೆಯನ್ನು ಮತ್ತೆ ನೀರು ಮಾಡುವ ಸ್ಥಾವರದಲ್ಲಿ ನಿವೃತ್ತಿಯವರೆಗೂ ದುಡಿದೆ. ಒಂದು ಸ್ಥಾವರವಿದ್ದದ್ದು ಹಲವಾದದ್ದನ್ನು, ಮರುಭೂಮಿಯಲ್ಲಿ ನೀಲಿ ಪಟ್ಟೆಯ ನೀರಿನ ಗೋಪುರಗಳು ಅಣಬೆಯ ಹಾಗೆ ಎದ್ದದ್ದನ್ನು, ಹೊಸ ಬಡಾವಣೆಗಳಿಗೆ ಜನರಿಗಿಂತ ಮೊದಲು ಕೊಳವೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ಹೆಮ್ಮೆಯ ಕೆಲಸ. ತಮಾಷೆಯ ಕೆಲಸವೂ ಹೌದು. ಅಷ್ಟು ಎಣ್ಣೆ ಉರಿಸಿ ಉಪ್ಪನ್ನೆಲ್ಲ ತೆಗೆಯುತ್ತಿದ್ದೆವು. ಆ ನೀರಿಗೆ ರುಚಿಯೇ ಇರುತ್ತಿರಲಿಲ್ಲ. ಆಮೇಲೆ ನೆಲದಡಿಯ ಸವಳು ನೀರನ್ನು ಸ್ವಲ್ಪ ಬೆರೆಸಿ ಮತ್ತೆ ಒಂಚೂರು ಉಪ್ಪು ಸೇರಿಸುತ್ತಿದ್ದೆವು. ಕಡೆಗೆ ಮನುಷ್ಯನ ಬಾಯಿಗೆ ಒಪ್ಪಬೇಕಲ್ಲ! ಈ ಪಾಠವನ್ನು ಕೊಳವೆಗಳು ಕಲಿತವು. ಕಚೇರಿಗಳು ಯಾವಾಗ ಕಲಿಯುತ್ತವೋ ಗೊತ್ತಿಲ್ಲ.

ಇನ್ನು ಆರೋಪಿಯ ಹಿನ್ನೆಲೆ. ಅಮ್ಮ ಹುಡುಗಿಯಾಗಿದ್ದಾಗ ನಮ್ಮೂರ ಕುಡಿಯುವ ನೀರು ಶತ್ತಲ್ ಅರಬ್ ನದಿಯಿಂದ ಹಡಗಿನಲ್ಲಿ ಬರುತ್ತಿತ್ತು. ದಡದಿಂದ ಮನೆಗೆ ಹೆಗಲ ಕೋಲಿಗೆ ಎರಡು ತಗಡಿನ ಡಬ್ಬ ಕಟ್ಟಿಕೊಂಡವರು ತರುತ್ತಿದ್ದರು. ಒಂದು ಚಳಿಗಾಲ ಗಾಳಿ ಕೆಟ್ಟು ಹಡಗುಗಳು ಬರಲಿಲ್ಲ. ಬಾವಿಯ ನೀರು ಬಾಯಿಗಿಡುವ ಹಾಗಿರಲಿಲ್ಲ. ಹರವಿ ಬರಿದಾಗಿ ಅಮ್ಮನ ತಮ್ಮ ಜ್ವರದಲ್ಲಿ ಒಣ ತುಟಿ ನೆಕ್ಕುತ್ತ ಮಲಗಿದ್ದಾಗ ಪಕ್ಕದ ಮನೆಯ ವಿಧವೆಯೊಬ್ಬಳು ತನ್ನ ಮಕ್ಕಳಿಗೆಂದು ಇಟ್ಟಿದ್ದರಲ್ಲಿ ಅರ್ಧ ತಂದು ಸುರಿದಳು. ಅವಳಲ್ಲಿ ಪರವಾನಗಿ ಇತ್ತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಆ ತಮ್ಮ ಬದುಕಿ, ಮುದುಕನಾಗಿ, ಗಂಡಸರು ಸಂಜೆ ಸೇರಿ ಹರಟುವ ದಿವಾನಿಯಾದಲ್ಲಿ ಕೂತು ಇಸ್ಪೀಟಿನಲ್ಲಿ ಎಲ್ಲರಿಗೂ ಮೋಸ ಮಾಡಿ, ನೆಮ್ಮದಿಯಾಗಿ ಸತ್ತ. ನಮ್ಮ ಬಾಗಿಲಿಗೆ ಬಂದವರು ಬಾಯಾರಿ ಹೋಗಬಾರದು ಎಂದು ಅಮ್ಮ ಅಂದೇ ತೀರ್ಮಾನಿಸಿದಳಂತೆ.

ಮದುವೆಯಾಗಿ ಎಷ್ಟೋ ಕಾಲದ ಮೇಲೆ ಅಂಗಳಕ್ಕೆ ನಲ್ಲಿ ಬಂತು. ಅವತ್ತು ಅಮ್ಮ ಅದನ್ನು ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. "ಮುರ್ದುಹೋಗತ್ತೆ ಕಣೇ, ಬಿಡು" ಎಂದು ಅಪ್ಪ ರೇಗಿದ. "ಮುರೀಲಿ. ಒಂದ್ ಸಲ ಹೊಟ್ಟೆ ತುಂಬ ನೋಡ್ಕೋತೀನಿ" ಎಂದಳು ಅಮ್ಮ. ಅಷ್ಟು ಪ್ರೀತಿಸಿದರೂ ಅವಳು ಆ ನಲ್ಲಿಯನ್ನು ಪೂರ್ತಿ ನಂಬಲಿಲ್ಲ. ಅಂಗಳದಡಿಯ ಹಳೆಯ ತೊಟ್ಟಿಯನ್ನು ಮುಚ್ಚಿಸದೆ ಸದಾ ತುಂಬಿಸಿಡುತ್ತಿದ್ದಳು. ನಾನು ಸ್ಥಾವರಕ್ಕೆ ಸೇರಿದ ಹೊಸತರಲ್ಲಿ ಗೇಲಿ ಮಾಡಿದ್ದೆ.

"ಅಮ್ಮಾ, ದೇಶಕ್ಕೆಲ್ಲ ನೀರು ಮಾಡೋನು ನಿನ್ ಮಗ. ನಿಂಗ್ಯಾಕೆ ತೊಟ್ಟಿ?"

"ಮಾಡ್ತೀಯಪ್ಪ, ಇಲ್ಲ ಅಂದೋರ್ಯಾರು? ತಿರುಪೋ ಕೀಲಿ ನಾಳೆ ಇನ್ನೊಬ್ರ ಕೈಗೆ ಹೋದ್ರೆ?"

ಹೋಯಿತು. ತೊಂಬತ್ತರಲ್ಲಿ ನೆರೆದೇಶದಿಂದ ದಾಳಿ ಮಾಡಿ ಬಂದ ಸೈನ್ಯ ಮರುವರ್ಷ ಹಿಂದೆಗೆಯುವ ಹೊತ್ತಿಗೆ ಸ್ಥಾವರಗಳು ಹಾಳಾಗಿ ನಲ್ಲಿಗಳು ಒಣಗಿದವು. ದೇಶಕ್ಕೆಲ್ಲ ನೀರು ಮಾಡುವ ಮಗ ಖಾಲಿ ಕೈಯಲ್ಲಿ ಮನೆಯಲ್ಲಿ ಕೂತ. ಇಡೀ ಬೀದಿ ಕುಡಿದದ್ದು ಅಮ್ಮನ ತೊಟ್ಟಿಯ ನೀರನ್ನು. ಅವಳು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಮಕ್ಕಳಿದ್ದ ಮನೆಗೆ ಮೊದಲು, ಮಿಕ್ಕವರಿಗೆ ಆಮೇಲೆ ಎಂದು ಬೈಯುತ್ತ ಬೈಯುತ್ತ ಹಂಚಿದಳು. ಆಗಲೂ ನಿವೇಶನದ ಗಡಿಯಾಚೆ, ಆಗಲೂ ಸಾರ್ವಜನಿಕರಿಗೆ. ಕೈಯಲ್ಲಿ ಬಂದೂಕು ಹಿಡಿದು ನಿಂತಿದ್ದವರು ಕೂಡ ಅವಳ ಪರವಾನಗಿ ಕೇಳಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಜಾಲದ ನೀರು ಅಮೂಲ್ಯ, ಅದು ಪೋಲಾಗಬಾರದು ಎನ್ನುತ್ತೀರಿ. ಒಪ್ಪಿದೆ, ಅದರ ಒಂದೊಂದು ಹನಿಯ ಹಿಂದೆ ಎಷ್ಟು ಬೆಂಕಿಯಿದೆಯೆಂದು ತಮಗಿಂತ ನನ್ನ ಚರ್ಮಕ್ಕೆ ಚೆನ್ನಾಗಿ ಗೊತ್ತು. ಹಾಗಾದರೆ ನಮ್ಮ ಬೀದಿಯ ಕೊನೆಯಲ್ಲಿ ದಿನಾ ಬೆಳಿಗ್ಗೆ ಕಾರು, ಗೇಟು, ಕಾಲುದಾರಿ ಎಲ್ಲವನ್ನೂ ಕೊಳವೆ ಹಿಡಿದು ತೊಳೆಯುತ್ತಾರಲ್ಲ, ಆ ನೀರು ನಿವೇಶನದ ಗಡಿ ದಾಟಿ ರಸ್ತೆಯಲ್ಲಿ ಹರಿಯುವುದಿಲ್ಲವೇ? ಕಾಲುದಾರಿಗೆ ಬಾಯಾರಿಕೆ ಎಂದು ತಮ್ಮ ನಿಯಮಾವಳಿ ಒಪ್ಪಿಕೊಂಡಿದೆಯೇ? ನೀರು ನೆಲಕ್ಕೆ ಹೋದರೆ ಬಳಕೆ, ಮನುಷ್ಯನ ಗಂಟಲಿಗೆ ಹೋದರೆ ಅಕ್ರಮ ವಿತರಣೆ, ಇದರ ಹಿಂದಿನ ತರ್ಕವನ್ನು ತಾವು ತಿಳಿಸಿಕೊಟ್ಟರೆ ದಿವಾನಿಯಾದಲ್ಲಿ ನಾಲ್ಕು ಜನಕ್ಕೆ ವಿವರಿಸಿ ಹೇಳುತ್ತೇನೆ. ಅಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ.

ಅಮ್ಮ ಹಾಜರಾಗದ ಕಾರಣ ಮೊನ್ನೆ ತಮ್ಮ ಸಿಬ್ಬಂದಿ ಬಂದು, ಕೂಲರಿಗೆ ಹೋಗುವ ಗೋಡೆಯೊಳಗಿನ ಕೊಳವೆಗೆ ಮುಚ್ಚಳ ಬಿಗಿದು ಮುದ್ರೆ ಹಾಕಿ ಹೋದರು. ಚೊಕ್ಕವಾದ ಕೆಲಸ. ಒಂದು ಹನಿಯೂ ಸೋರುತ್ತಿಲ್ಲ.

ಅವತ್ತೇ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕಮರುಲ್ ನಿಂತಿದ್ದ. ಇಷ್ಟು ವರ್ಷಗಳಲ್ಲಿ ಅವನು ನಮ್ಮ ಗಂಟೆ ಬಾರಿಸಿದ್ದೇ ಇಲ್ಲ, ಅವನ ವ್ಯವಹಾರವೆಲ್ಲ ಗೋಡೆಯ ಆಚೆಗೇ ಮುಗಿಯುತ್ತಿತ್ತು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

"ಯಜಮಾನ್ರೇ, ಲುಲ್ವಮ್ಮಂಗೆ ಹುಷಾರಿಲ್ವಾ?"

ಆಗ ನನಗೆ ಅರ್ಥವಾಯಿತು. ಇನ್ಸ್‌ಪೆಕ್ಟರ್ ಒಬ್ಬರೇ ತಪ್ಪು ತಿಳಿದದ್ದಲ್ಲ. ಒಳಗೆಲ್ಲೋ ಒಬ್ಬಳು ಮುದುಕಿ ಕೂತಿದ್ದಾಳೆ, ತನಗೆ ನೆನಪಿಟ್ಟು ದಿನಾ ನೀರು ತಣ್ಣಗೆ ಮಾಡಿಡುತ್ತಾಳೆ ಎಂದೇ ಕಮರುಲ್ ಕೂಡ ನಂಬಿದ್ದ. ಅವಳು ಸತ್ತು ಹನ್ನೊಂದು ವರ್ಷವಾಯಿತೆಂದು ನಾನು ಹೇಳಬೇಕಿತ್ತು. "ಸ್ವಲ್ಪ ಹುಷಾರಿಲ್ಲ ಕಣಪ್ಪಾ" ಎಂದೆ.

"ನಮಾಜಲ್ಲಿ ಕೇಳ್ಕೋತೀನಿ ಯಜಮಾನ್ರೇ. ಬೇಗ ಎದ್ದ್ ಬರ್ಲಿ" ಎಂದು ಅವನು ಪೊರಕೆ ತೆಗೆದುಕೊಂಡು ಹೊರಟ. ಬದ್ರಿಯಾ ನೀರಿನ ಬಾಟಲಿ ಹಿಡಿದು ಅವನ ಹಿಂದೆ ಓಡಿದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮನನ್ನು ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ. ಮಾನ್ಯರೇ, ನಮ್ಮಮ್ಮ ಸತ್ತದ್ದು ನನ್ನ ಪಾಲಿಗೆ ಹನ್ನೊಂದು ವರ್ಷದ ಹಿಂದೆಯಲ್ಲ, ಮೊನ್ನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹಾಕಿದ ಮುದ್ರೆಯನ್ನು ತಾವೇ ತೆಗೆಸಬೇಕು. ಪರವಾನಗಿ ಬೇಕೆಂದಾದರೆ ಕೊಡಿ, ಜವಾಬ್ದಾರಿಗೆ ನಾನು ಎಲ್ಲಿ ಹೇಳಿದರಲ್ಲಿ ಸಹಿ ಹಾಕುತ್ತೇನೆ. ಆದರೆ ಕಲ್ಲಿನ ಮೇಲಿನ ಹೆಸರು ಬದಲಾಗುವುದಿಲ್ಲ. ಅಲ್ಲಿಯವರೆಗೆ, ನಿನ್ನೆಯಿಂದ, ಅಮ್ಮನ ಹಳೆಯ ಮಣ್ಣಿನ ಹರವಿಯನ್ನು ಅದೇ ಹೆಸರಿನ ಕೆಳಗೆ ಇಟ್ಟಿದ್ದೇನೆ. ಅಡುಗೆಮನೆಯಿಂದ ಬಿಂದಿಗೆಯಲ್ಲಿ ಹೊತ್ತು ತಂದು ನಾನೇ ತುಂಬುತ್ತೇನೆ. ಸೊಂಟ ಹಿಡಿದುಕೊಂಡಿದೆ, ಅದು ನನ್ನ ಖಾಸಗಿ ವಿಷಯ. ಇದೂ ಅಕ್ರಮವಾದರೆ ಇನ್ಸ್‌ಪೆಕ್ಟರನ್ನು ಕಳಿಸಿ. ಬದ್ರಿಯಾ ಈ ಸಲ ಖರ್ಜೂರ ಕೊಡುವುದಿಲ್ಲ, ನೀರು ಕೊಡುತ್ತಾಳೆ.

ಖುದ್ದು ಹಾಜರಾತಿಯ ವಿಷಯಕ್ಕೆ ಬಂದರೆ, ನಿನ್ನೆ ಮಧ್ಯಾಹ್ನ ಕಮರುಲ್ ಹರವಿಯ ಮುಚ್ಚಳ ತೆಗೆದು, ಒಂದು ಲೋಟ ಕುಡಿದು, ನನ್ನ ಕಡೆ ನೋಡಿ ಬಾಯಿ ತುಂಬ ನಕ್ಕು, "ಎದ್ರಲ್ಲ ಲುಲ್ವಮ್ಮ!" ಎಂದ. ಹೌದೆಂದೆ. ಹೀಗಾಗಿ ಆರೋಪಿ ಚೇತರಿಸಿಕೊಂಡಿದ್ದಾರೆ, ದಿನಾ ನಮ್ಮ ಗೋಡೆಯ ಬಳಿ ಸಿಗುತ್ತಾರೆ. ಅವರ ಹೇಳಿಕೆ ಬೇಕಿದ್ದರೆ ತಾವೇ ಬನ್ನಿ. ಬಿಸಿಲಲ್ಲಿ ನಡೆದು ಬನ್ನಿ. ಲೋಟ ಅಲ್ಲೇ ಇದೆ.

ಇಂತಿ,
ಪರವಾನಗಿ ಪಡೆಯಲು ಬೇಕಾದಷ್ಟು ಇನ್ನೂ ಬದುಕಿರುವ,
ಲುಲ್ವಾಳ ಮಗ ಮಿಶಾರಿ