ಏಳನೇ ಗಿಡದ ಒಂಬತ್ತನೇ ಗೆರೆ

ಗಾಜಿನ ಮನೆಯ ಪಕ್ಕದ ಕೋಣೆ,
ಮಾರ್ಚ್ 9, ಸೋಮವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ ಅಂತ ಹಿಂದಿನ ಸಲ ನೀನು ಬರೆದಿದ್ದೆ. ಭಾವ ಮಾತ್ರೆ ನೆನಪು ಮಾಡುತ್ತಾರೋ, ಇಲ್ಲ ಇಬ್ಬರೂ ಮರೆತು ಆಮೇಲೆ ಜಗಳ ಆಡುತ್ತೀರೋ? ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮೂರು ದಿನದಿಂದ ಊಟ ಸೇರುತ್ತಿಲ್ಲ.

ಶುಕ್ರವಾರ ನಿನ್ನ ಪುಸ್ತಕ ಕಾಲೇಜಿಗೆ ಬಂತು. ವಿಭಾಗದ ಮುಖ್ಯಸ್ಥರು ಅದನ್ನು ಹಿಡಿದುಕೊಂಡು ನೇರ ಲ್ಯಾಬಿಗೇ ಬಂದು, "ನೋಡಮ್ಮಾ, ಕಾಂಡ ಬೆಳೆಯೋದರ ಮೇಲೆ ನಿಮ್ಮಕ್ಕ ಎಂಥಾ ಪುಸ್ತಕ ಬರೆದಿದಾರೆ!" ಅಂದರು. ನನ್ನ ಎದೆಯೂ ಉಬ್ಬಿತು, ಸುಳ್ಳು ಹೇಳಲಾರೆ. ಕೈ ಒರೆಸಿಕೊಂಡು ತೆರೆದೆ. ಮೂವತ್ತೆರಡನೇ ಪುಟದಲ್ಲಿ ನನ್ನ ಸೂರ್ಯಕಾಂತಿ ಸಸಿಗಳು ಸಾಲಾಗಿ ನಿಂತಿದ್ದವು. ನನ್ನ ಅಳತೆ, ನನ್ನ ಎಣಿಕೆ, ನಾನು ಬರೆದ ಚಿತ್ರ. ಎಲೆಯ ತುದಿಯನ್ನು ನಾನು ಯಾವಾಗಲೂ ಸ್ವಲ್ಪ ಎಡಕ್ಕೆ ಬಾಗಿಸುತ್ತೇನಲ್ಲ, ಆ ಬಾಗೂ ಹಾಗೇ ಇತ್ತು. ಕೆಳಗೆ "ಲೇಖಕಿಯ ಅಳತೆಗಳು" ಅಂತ ಅಚ್ಚಾಗಿತ್ತು. ಕೃತಜ್ಞತೆಯ ಪುಟವನ್ನು ಮೂರು ಸಲ ಓದಿದೆ. ಟೈಪು ಮಾಡಿದವರಿದ್ದಾರೆ, ಭಾವ ಇದ್ದಾರೆ, ಹಾಳೆಗಳ ಮೇಲೆ ಮಲಗಿ "ಸಹಕರಿಸಿದ" ನಿನ್ನ ಬೆಕ್ಕೂ ಇದೆ. ನಾನಿಲ್ಲ. ಬೆಕ್ಕಿಗಿಂತ ಕಡೆಯಾದೆನಾ ಅಕ್ಕಾ?

ಈ ಗಿಡ ಅಳೆಯುವ ಹುಚ್ಚು ಹಿಡಿಸಿದವಳೇ ನೀನು. ನೀನಾಗ ಇಲ್ಲೇ ಪಾಠ ಮಾಡುತ್ತಿದ್ದೆ, ನಾನು ಲ್ಯಾಬಿನ ಸಹಾಯಕಿಯಾಗಿ ಹೊಸದಾಗಿ ಸೇರಿದ್ದೆ. ಜೀವಕೋಶ ಒಡೆದು ಎರಡಾಗುತ್ತದೆ, ಅಷ್ಟಕ್ಕೇ ಗಿಡ ಉದ್ದವಾಗುತ್ತದೆ ಅಂತ ನಾನು ತಿಳಿದಿದ್ದೆ. ನೀನು ಬಿದ್ದು ಬಿದ್ದು ನಕ್ಕೆ. "ಒಂದು ಕೋಣೆಗೆ ಅಡ್ಡಗೋಡೆ ಎಬ್ಬಿಸಿದ್ರೆ ಎರಡು ಕೋಣೆ ಆಗುತ್ತೆ, ಮನೆ ದೊಡ್ಡದಾಗುತ್ತೇನೇ ದಡ್ಡೀ?" ಅಂದೆ. ಕಾಂಡದ ತುದಿಯಲ್ಲಿ ಕೋಶಗಳು ಒಡೆಯುತ್ತವೆ. ಅದರ ಸ್ವಲ್ಪ ಕೆಳಗೆ ಆ ಪುಟ್ಟ ಕೋಣೆಗಳು ನೀರು ಕುಡಿದು ಉದ್ದುದ್ದ ಹಿಗ್ಗುತ್ತವೆ. ಸಸಿಯನ್ನು ಮೇಲಕ್ಕೆತ್ತುವುದು ಆ ಹಿಗ್ಗು. ಬುಡದ ಕೋಶಗಳ ಗೋಡೆ ಅಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ, ಅಲ್ಲಿ ಕಾಂಡ ದಪ್ಪವಾದೀತೇ ಹೊರತು ಉದ್ದವಾಗದು. ಬಾಯಿಮಾತಲ್ಲಿ ನಂಬಬೇಡ ಅಂತ ನೀನೇ ಕಾಂಡಕ್ಕೆ ಸಮದೂರದಲ್ಲಿ ಒಂಬತ್ತು ಶಾಯಿಗೆರೆ ಎಳೆಯುವುದನ್ನು ಹೇಳಿಕೊಟ್ಟೆ. ನಾಲ್ಕು ದಿನಕ್ಕೆ ಮೇಲಿನ ಗೆರೆಗಳು ಒಂದರಿಂದೊಂದು ದೂರ ಸರಿದಿದ್ದವು, ಬುಡದವು ಇದ್ದಲ್ಲೇ ಇದ್ದವು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ್ದೆ. "ಹಾಳೆಯ ಮುಂದೆ ಅಳತೆ ಬರಿ, ಹಿಂದೆ ಎಡವಟ್ಟು ಬರಿ" ಅನ್ನುವುದೂ ನೀನು ಕಲಿಸಿದ್ದೇ. ಕುಂಡ ಉರುಳಿದ್ದು, ಚೀಟಿ ಅದಲುಬದಲಾದದ್ದು, ಎಲ್ಲ ಹಿಂಬದಿಗೆ.

ನೀನು ದೊಡ್ಡ ಹುದ್ದೆ ಸಿಕ್ಕಿ ಹೋದೆ. ನಾನು ಹನ್ನೊಂದು ವರ್ಷ ಬಿಡದೆ ಗೆರೆ ಎಳೆದೆ. ಕಾಂಡವನ್ನು ಬ್ಲೇಡಿನಲ್ಲಿ ಉದ್ದಕ್ಕೆ ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಎಷ್ಟು ಕೋಶ, ಒಂದೊಂದೂ ಎಷ್ಟು ಉದ್ದ ಅಂತ ಕಣ್ಣಲ್ಲಿ ನೀರು ಬರುವ ತನಕ ಎಣಿಸಿದೆ. ಇಲ್ಲಿ ಎಲ್ಲರೂ ನನ್ನನ್ನು ಬ್ಲೇಡಮ್ಮ ಅನ್ನುತ್ತಾರೆ. ಹೋದ ವರ್ಷ ನೀನು ಬಂದಾಗ ಅಳತೆ ಹಾಳೆಗಳ ಕಟ್ಟು ಬಿಚ್ಚಿ ತೋರಿಸಿದೆ. "ಕೊಡೇ, ಜೆರಾಕ್ಸ್ ಮಾಡಿಸ್ಕೊಂಡು ಕಳಿಸ್ತೀನಿ, ಅಚ್ಚಾದ್ರೆ ಇಬ್ಬರ ಹೆಸರೂ ಇರುತ್ತೆ" ಅಂದೆ. ತಿಂಗಳೊಳಗೆ ಕಟ್ಟು ವಾಪಸ್ ಬಂತು, ಒಂದು ಹಾಳೆಯೂ ಮಡಚಿರಲಿಲ್ಲ. ನಮ್ಮಕ್ಕ ಎಷ್ಟು ಜೋಪಾನ ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ.

ನೀನು ನನಗೆ ಮೋಸ ಮಾಡಿದೆ ಅಕ್ಕಾ. ಬೇರೆ ಯಾರಾದರೂ ಆಗಿದ್ದರೆ ಜಗಳ ಆಡಿ ಮರೆಯುತ್ತಿದ್ದೆ. ಚಿಕ್ಕಂದಿನಲ್ಲಿ ನನ್ನ ಪೆನ್ಸಿಲ್ ಕದ್ದವಳ ಜುಟ್ಟು ಹಿಡಿದು ಹೊಡೆದವಳು ನೀನು. ಒಂದು ಹೆಸರು ಹಾಕುವುದಕ್ಕೆ ನಿನಗೆ ಕೈ ಬರಲಿಲ್ಲವಲ್ಲ!

ಇಪ್ಪತ್ತನೇ ತಾರೀಖು ಇಲ್ಲಿ ನಿನ್ನ ಉಪನ್ಯಾಸವಂತೆ. ನನ್ನ ಆ ಸಾಲಿನ ಏಳನೇ ಗಿಡದ ಬುಡ ಮತ್ತೆ ಉದ್ದ ಬೆಳೆದದ್ದನ್ನು ಕಂಡುಹಿಡಿದೆ ಅಂತ ಕೊನೆಯ ಅಧ್ಯಾಯದಲ್ಲಿ ಬರೆದಿದ್ದೀಯಲ್ಲ, ಅದನ್ನೇ ಎಲ್ಲರಿಗೂ ತೋರಿಸಬೇಕಂತೆ. ಸ್ಪಿರಿಟ್ಟಿನ ಬಾಟಲಿಯಲ್ಲಿಟ್ಟ ಆ ಕಾಂಡವನ್ನು ಕೊಯ್ದು ಸಿದ್ಧ ಮಾಡುವ ಕೆಲಸ ನನಗೇ ಬಂದಿದೆ. ಹೂಂ ಅಂದೆ.

ಭಾವನವರಿಗೆ ನಮಸ್ಕಾರ ತಿಳಿಸು. ಬರುವಾಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಾ, ಸಭಾಂಗಣಕ್ಕೆ ಇಪ್ಪತ್ತೆರಡು ಮೆಟ್ಟಿಲಿವೆ. ಬೆಕ್ಕಿಗೂ ನನ್ನ ಅಭಿನಂದನೆ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಬ್ಲೇಡಮ್ಮ

ತಾ.ಕ.: ಏಳನೇ ಗಿಡದ ಬುಡ ಬೆಳೆದಿಲ್ಲ. ಐದನೇ ದಿನ ನೀರು ಹಾಕುವಾಗ ನನ್ನ ತೋಳು ತಾಗಿ ಬುಡದ ಕೊನೆಯ ಗೆರೆ, ಒಂಬತ್ತನೆಯದು, ಅಳಿಸಿಹೋಯಿತು. ಅಂದಾಜಿನಲ್ಲಿ ಹೊಸದು ಎಳೆದೆ, ಎರಡು ಮಿಲಿಮೀಟರ್ ಕೆಳಗೆ ಬಿತ್ತು. ಎಂಟನೇ ಗೆರೆಗೂ ಅದಕ್ಕೂ ಅಂತರ ಹೆಚ್ಚಿದ್ದು ಅದಕ್ಕೇ. ಹಾಳೆಯ ಹಿಂಬದಿಯಲ್ಲಿ ತಾರೀಖಿನ ಸಮೇತ ಬರೆದಿದ್ದೇನೆ. ನೀನು ಮುಂಬದಿ ಮಾತ್ರ ಜೆರಾಕ್ಸ್ ಮಾಡಿಸಿದೆ. ಇವತ್ತು ಬೆಳಗ್ಗೆ ಆ ಕಾಂಡ ಕೊಯ್ದು ನೋಡಿದೆ: ಅಲ್ಲಿ ಕೋಶಗಳು ಹೆಚ್ಚಾಗಿಯೂ ಇಲ್ಲ, ಉದ್ದವಾಗಿಯೂ ಇಲ್ಲ. ಇನ್ನೂ ಯಾರಿಗೂ ಹೇಳಿಲ್ಲ. ಸುಮ್ಮನೆ ಕೂತು ನೀನು ಎಲ್ಲರೆದುರು ಸಿಕ್ಕಿಬೀಳುವುದನ್ನು ನೋಡೋಣ ಅಂತ ಎರಡು ದಿನ ಅಂದುಕೊಂಡಿದ್ದೆ, ಮನಸ್ಸು ಒಪ್ಪಲಿಲ್ಲ. ವೇದಿಕೆಯ ಮೇಲೆ ನೀನೇ ತಿದ್ದಿ ಹೇಳು. ಗೆರೆ ಅಳಿಸಿದ್ದು ಯಾರ ತೋಳು ಅಂತ ಕೇಳಿಯೇ ಕೇಳುತ್ತಾರೆ, ಆಗ ಹೆಸರು ಹೇಳಲೇಬೇಕು. ನಾನು ಮೊದಲನೇ ಸಾಲಿನಲ್ಲಿ ಕೂತಿರುತ್ತೇನೆ.